ನಲ್ಲಿಯಲ್ಲಿ ನೀರಿಲ್ಲ: ಟ್ಯಾಂಕರ್‌ಗೆ ಫೋನ್ ಮಾಡುವ ಮೊದಲು

ಬೆಳಿಗ್ಗೆ ಆರೂವರೆ. ಬಚ್ಚಲಿನಿಂದ ಕೂಗು: "ರೀ, ನೀರು ನಿಂತೋಯ್ತು!" ಕೂಗಿದವರ ತಲೆ ತುಂಬಾ ಶಾಂಪೂ ನೊರೆ. ನಾನು ಮಾಡಿದ ಮೊದಲ ಕೆಲಸ ಟ್ಯಾಂಕರ್‌ನವನ ನಂಬರ್ ಹುಡುಕಿದ್ದು. ಅದೇ ತಪ್ಪು. ಆ ತಪ್ಪಿಗೆ ದುಡ್ಡು ಹೇಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಬೆಂಗಳೂರಿನ ಸ್ವಂತ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ನೀರಿನ ದಾರಿ ಒಂದೇ ತರ: ಬೀದಿ ಪೈಪ್, ಮೀಟರ್, ಸಂಪ್ (ನೆಲದಡಿಯ ತೊಟ್ಟಿ), ಮೋಟರ್, ಮೇಲಿನ ಟ್ಯಾಂಕ್, ಕೊನೆಗೆ ನಲ್ಲಿ. ನೀರು ನಿಂತಿದೆ ಅಂದರೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಂತಿದೆ. ನಲ್ಲಿಯಿಂದ ಶುರುಮಾಡಿ ಬೀದಿ ಕಡೆಗೆ ಹಿಂದಕ್ಕೆ ನಡೆದುಕೊಂಡು ಹೋದರೆ ಜಾಗ ಸಿಕ್ಕೇ ಸಿಗುತ್ತದೆ. ಮುಕ್ಕಾಲು ಪಾಲು ಸಲ ಖರ್ಚೂ ಇರುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಮೊದಲ ಎರಡು ಭಾಗ ಮತ್ತು ಕೊನೆಯ ಎರಡು ಭಾಗ ಸಾಕು. ಮಧ್ಯದ್ದು ಅಸೋಸಿಯೇಷನ್‌ನವರ ತಲೆನೋವು.

ಏನೂ ಮುಟ್ಟುವ ಮೊದಲು ಮೂರು ಕೆಲಸ

ಗೀಸರ್ ಆಫ್ ಮಾಡಿ. ಒಳಗೆ ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಮೋಟರ್ ಓಡುತ್ತಿದ್ದರೆ ಅದನ್ನೂ ಆಫ್ ಮಾಡಿ. ಆಮೇಲೆ ಮನೆಯ ಎಲ್ಲ ನಲ್ಲಿಗಳನ್ನೂ ತಿರುಗಿಸಿ ಮುಚ್ಚಿ. ನೀರಿಲ್ಲದಾಗ ನಲ್ಲಿ ತೆರೆದು ನೋಡುತ್ತೇವೆ, "ಥೂ, ಇಲ್ಲ" ಅಂದುಕೊಂಡು ಹಾಗೇ ಬಿಟ್ಟು ಆಫೀಸಿಗೆ ಹೋಗುತ್ತೇವೆ. ಮಧ್ಯಾಹ್ನ ನೀರು ಬಂದು, ಸಿಂಕ್ ತುಂಬಿ, ಅಡುಗೆಮನೆ ಕೆರೆಯಾಗುತ್ತದೆ. ನಮ್ಮ ಎದುರುಮನೆಯಲ್ಲಿ ಹೀಗೆ ಆಗಿ ಅಕ್ಕಿ ಮೂಟೆ ಪೂರ್ತಿ ನೆನೆದಿತ್ತು.

ಒಂದೇ ನಲ್ಲಿಯಲ್ಲಿ ಬರುತ್ತಿಲ್ಲ, ಬೇರೆ ಕಡೆ ಸರಿಯಾಗಿದೆ

ಇದು ಸುಲಭದ್ದು. ಸಿಂಕ್ ನಲ್ಲಿಯ ತುದಿಯಲ್ಲಿ ಒಂದು ಪುಟ್ಟ ಜಾಲರಿ ಇರುತ್ತದೆ, ಏರಿಯೇಟರ್ ಅನ್ನುತ್ತಾರೆ. ಕೈಯಲ್ಲೇ ತಿರುಗಿಸಿ ಬಿಚ್ಚಿ. ಬೋರ್ ನೀರು ಬಳಸುವ ಮನೆಯಾದರೆ ಒಳಗೆ ಸುಣ್ಣದ ಹಾಗೆ ಬಿಳಿ ಪದರ ಕೂತಿರುತ್ತದೆ. ಹುಣಸೆಹಣ್ಣಿನ ನೀರಲ್ಲೋ ನಿಂಬೆರಸದಲ್ಲೋ ರಾತ್ರಿಯಿಡೀ ನೆನೆಸಿ, ಹಳೆ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಜಾಲರಿ ಸರಿ ಇದ್ದರೆ ಸಿಂಕ್ ಕೆಳಗಿನ ಆಂಗಲ್ ಕಾಕ್, ಅಂದರೆ ಆ ನಲ್ಲಿಗೆ ನೀರು ಬಿಡುವ ಪುಟ್ಟ ವಾಲ್ವ್, ನೋಡಿ. ಮನೆ ಕ್ಲೀನ್ ಮಾಡುವಾಗ ಯಾರದೋ ಕೈ ತಾಗಿ ಅರ್ಧ ಮುಚ್ಚಿಕೊಂಡಿರುತ್ತದೆ.

ತಣ್ಣೀರು ಬರುತ್ತದೆ, ಬಿಸಿನೀರು ಮಾತ್ರ ಇಲ್ಲ ಅಂದರೆ ಗೀಸರ್‌ಗೆ ನೀರು ಹೋಗುವ ವಾಲ್ವ್ ಮುಚ್ಚಿದೆಯಾ ಅಂತ ನೋಡಿ. ತೆರೆದೇ ಇದ್ದರೆ ಒಳಗೆ ಕಟ್ಟಿಕೊಂಡಿದೆ. ಗೀಸರ್ ಬಿಚ್ಚುವ ಸಾಹಸ ಬೇಡ, ರಿಪೇರಿಯವರನ್ನು ಕರೆಯಿರಿ.

ಮನೆಯಲ್ಲಿ ಎಲ್ಲೂ ಇಲ್ಲ, ಆದರೆ ಟ್ಯಾಂಕ್‌ನಲ್ಲಿ ನೀರಿದೆ

ಮಹಡಿ ಹತ್ತಿ ಟ್ಯಾಂಕ್ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಲೆವೆಲ್ ತೋರಿಸುವ ಲೈಟ್ ನಂಬಬೇಡಿ. ನೀರು ಅರ್ಧಕ್ಕಿಂತ ಮೇಲಿದ್ದೂ ಕೆಳಗೆ ಬರುತ್ತಿಲ್ಲ ಅಂದರೆ ಕಾರಣ ಮೂರರಲ್ಲಿ ಒಂದು.

ಮೊದಲನೆಯದು ಗೇಟ್ ವಾಲ್ವ್. ಟ್ಯಾಂಕಿನ ಬುಡದಲ್ಲಿ ಪುಟ್ಟ ಚಕ್ರದಂಥ ಹಿಡಿಯ ಹಿತ್ತಾಳೆ ವಾಲ್ವ್ ಇರುತ್ತದಲ್ಲ, ಅದು. ಟ್ಯಾಂಕ್ ತೊಳೆಯುವವರು ಮುಚ್ಚಿ, ಪೂರ್ತಿ ತೆರೆಯದೆ ಹೋಗಿರಬಹುದು. ಎಷ್ಟು ತಿರುಗಿಸಿದರೂ ಸುಮ್ನೆ ಗಿರಗಿರ ತಿರುಗುತ್ತದೆ ಅಂದರೆ ಒಳಗಿನ ಕಡ್ಡಿ ಮುರಿದಿದೆ, ಗೇಟ್ ಮುಚ್ಚಿದ ಜಾಗದಲ್ಲೇ ಕೂತಿದೆ. ಅದನ್ನು ಬದಲಾಯಿಸಲೇಬೇಕು.

ಎರಡನೆಯದು ಕಸ. ಮಳೆಗಾಲಕ್ಕೆ ಮುಂಚೆ ಮುಚ್ಚಳ ಹಾರಿ, ಎಲೆ ಬಿದ್ದು, ಅದು ಪೈಪಿನ ಬಾಯಿಗೆ ಅಂಟಿಕೊಂಡಿರುತ್ತದೆ. ನೀರು ನಿಧಾನವಾಗಿ ಕಡಿಮೆಯಾಗುತ್ತಾ ಬಂದು ನಿಂತಿದ್ದರೆ ಇದರ ಮೇಲೆ ಅನುಮಾನ ಪಡಿ.

ಮೂರನೆಯದು ಏರ್ ಲಾಕ್. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿಸಿದ ಮೇಲೆ ಇದು ಜಾಸ್ತಿ. ನಲ್ಲಿ ತೆರೆದರೆ "ಗುಳು ಗುಳು, ಪುಸ್" ಅಂತ ಶಬ್ದ, ನಾಲ್ಕು ಹನಿ, ಮತ್ತೆ ಮೌನ. ಪೈಪಿನ ಒಳಗೆ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುತ್ತಿದೆ. ಟ್ಯಾಂಕ್ ತುಂಬಿಸಿ, ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನಲ್ಲಿಯನ್ನು, ಅಂದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ್ದನ್ನೋ ಕಾರ್ ತೊಳೆಯುವ ಕಡೆಯದನ್ನೋ, ಪೂರ್ತಿ ತೆರೆದು ಹತ್ತು ನಿಮಿಷ ಬಿಡಿ. ಕೆಮ್ಮುತ್ತಾ ಕೆಮ್ಮುತ್ತಾ ಗಾಳಿ ಹೊರಗೆ ಬರುತ್ತದೆ. ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ ಟ್ಯಾಂಕ್‌ನಿಂದ ಇಳಿಯುವ ಪೈಪಿಗೆ ಗಾಳಿ ಪೈಪ್ ಹಾಕಿಲ್ಲ ಅಂತ ಅರ್ಥ. ಮೇಲಕ್ಕೆ ನಿಂತಿರುವ, ಬಾಯಿ ತೆರೆದ ತೆಳು ಪೈಪ್ ಅದು. ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಒಂದು ಸಲ ಹಾಕಿಸಿ, ಮರೆತುಬಿಡಿ.

ಮೇಲೆ ಹತ್ತುವಾಗ ಒಂದು ಎಚ್ಚರ. ಎಷ್ಟೋ ಮನೆಗಳಲ್ಲಿ ಟ್ಯಾಂಕ್ ಇರುವುದು ಮೆಟ್ಟಿಲಿನ ಕೋಣೆಯ ತಲೆಮೇಲೆ, ಹತ್ತಲು ಬರೀ ಕಬ್ಬಿಣದ ಏಣಿ. ಒಬ್ಬರೇ ಹತ್ತಬೇಡಿ. ಮಳೆ ಬಂದು ಒದ್ದೆಯಾಗಿದ್ದರೆ ಹತ್ತಲೇಬೇಡಿ.

ಟ್ಯಾಂಕ್ ಖಾಲಿ, ಸಂಪ್ ತುಂಬಿದೆ, ಮೋಟರ್ ಆನ್ ಆಗುತ್ತಿಲ್ಲ

ಮೊದಲು ಕರೆಂಟ್ ಇದೆಯಾ ನೋಡಿ. ನಗಬೇಡಿ. ಮನೆಗೆ ಯುಪಿಎಸ್ ಇರುವುದರಿಂದ ಫ್ಯಾನ್, ಲೈಟ್ ಓಡುತ್ತಿರುತ್ತವೆ, ಕರೆಂಟ್ ಹೋಗಿದ್ದೇ ಗೊತ್ತಾಗಿರುವುದಿಲ್ಲ. ಮೋಟರ್‌ಗೆ ಯುಪಿಎಸ್ ಲೈನ್ ಇರುವುದಿಲ್ಲ.

ಕರೆಂಟ್ ಇದ್ದರೆ ಎಂಸಿಬಿ, ಅಂದರೆ ತೊಂದರೆಯಾದಾಗ ತಾನೇ ಆಫ್ ಆಗುವ ಸ್ವಿಚ್, ಕೆಳಗೆ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಒಂದು ಸಲ ಎತ್ತಿ. ಮತ್ತೆ ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಪದೇ ಪದೇ ಎತ್ತುವುದು, ಹಿಡಿದುಕೊಂಡು ನಿಲ್ಲುವುದು ಬೇಡವೇ ಬೇಡ. ಎಲ್ಲೋ ಶಾರ್ಟ್ ಆಗಿದೆ ಅಂತ ಅದು ಹೇಳುತ್ತಿದೆ.

ನೀರಿನ ಮಟ್ಟ ನೋಡಿಕೊಂಡು ತಾನೇ ಆನ್ ಆಗುವ ಆಟೋಮ್ಯಾಟಿಕ್ ಕಂಟ್ರೋಲರ್ ಇದ್ದರೆ ಅದನ್ನು ಮ್ಯಾನ್ಯುಯಲ್‌ಗೆ ಹಾಕಿ ನೋಡಿ. ಸಂಪಿನ ಒಳಗಿನ ಸೆನ್ಸರ್‌ಗೆ ಪಾಚಿ ಹಿಡಿದರೆ ತುಂಬಿದ ಸಂಪನ್ನೂ ಖಾಲಿ ಅಂತಲೇ ಹೇಳುತ್ತಿರುತ್ತದೆ.

"ಹ್ಞುಂ" ಅಂತ ಗುಂಯ್‌ಗುಡುತ್ತದೆ, ತಿರುಗುತ್ತಿಲ್ಲ ಅಂದರೆ ಕೂಡಲೇ ಆಫ್ ಮಾಡಿ. ಐದು ಸೆಕೆಂಡ್‌ಗಿಂತ ಜಾಸ್ತಿ ಬಿಡಬೇಡಿ, ಒಳಗಿನ ತಂತಿಯ ಸುರುಳಿ (ವೈಂಡಿಂಗ್) ಸುಡುತ್ತದೆ. ಸಾಮಾನ್ಯವಾಗಿ ಮೋಟರನ್ನು ಶುರು ಮಾಡಿಸುವ ಕೆಪಾಸಿಟರ್ ಹೋಗಿರುತ್ತದೆ. ಅಂಗಡಿಯಲ್ಲಿ ಅದನ್ನು ಕಂಡೆನ್ಸರ್ ಅಂತಲೂ ಕೇಳುತ್ತಾರೆ. ಹೆಚ್ಚು ದುಡ್ಡಿನ ವಸ್ತುವಲ್ಲ. ಹಾಗಂತ ನೀವೇ ಬಿಚ್ಚಬೇಡಿ: ಸ್ವಿಚ್ ಆಫ್ ಮಾಡಿದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಬರಲಿ. ಸಂಜೆ ಹೊತ್ತು ವೋಲ್ಟೇಜ್ ಕಡಿಮೆ ಇದ್ದಾಗಲೂ ಮೋಟರ್ ಹೀಗೇ ಗುಂಯ್‌ಗುಡುತ್ತದೆ. ಫ್ಯಾನ್ ನಿಧಾನವಾಗಿದ್ದರೆ ಸ್ವಲ್ಪ ಹೊತ್ತು ಕಾಯಿರಿ.

ಮೋಟರ್ ಇರುವ ಜಾಗದಲ್ಲಿ ನೀರು ನಿಂತಿದ್ದರೆ ಅಥವಾ ಸಂಪಿನ ಒಳಗೇ ಸಬ್‌ಮರ್ಸಿಬಲ್ (ನೀರಲ್ಲಿ ಮುಳುಗಿರುವ ಮೋಟರ್) ಇದ್ದರೆ, ಮೇನ್ ಆಫ್ ಮಾಡದೆ ಆ ನೀರಿಗೆ ಕೈ ಹಾಕಬಾರದು. ಬರಿಗಾಲಲ್ಲಿ ಹತ್ತಿರವೂ ಹೋಗಬಾರದು.

ಮೋಟರ್ ಓಡುತ್ತಿದೆ, ಮೇಲೆ ನೀರು ಬೀಳುತ್ತಿಲ್ಲ

ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇದು. ನಮ್ಮ ಅರ್ಧ ಎಚ್‌ಪಿ ಮೋಟರ್ ಸಾವಿರ ಲೀಟರ್ ಟ್ಯಾಂಕನ್ನು ಅರ್ಧ ಗಂಟೆಯಲ್ಲಿ ತುಂಬಿಸುತ್ತದೆ. ಒಂದು ದಿನ ಒಂದೂವರೆ ಗಂಟೆ ಓಡಿತು. ಮೇಲೆ ಒಂದು ಹನಿಯೂ ಇಲ್ಲ. ಹತ್ತಿರ ಹೋದರೆ ಮೋಟರ್ ಮೈ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು, ಸುಟ್ಟ ರಬ್ಬರ್ ವಾಸನೆ ಬೇರೆ. ಒಳಗಿನ ಸೀಲ್ ಕರಗಿಹೋಗಿತ್ತು. ನೀರಿಲ್ಲದೆ ಓಡಿದರೆ ಆಗುವುದೇ ಇಷ್ಟು. ನೀರೇ ಅದನ್ನು ತಣ್ಣಗೆ ಇಡಬೇಕು.

ಅದಕ್ಕೇ ನನ್ನ ನಿಯಮ: ಆನ್ ಮಾಡಿ ಎರಡು ನಿಮಿಷದಲ್ಲಿ ಮೇಲೆ ನೀರು ಬೀಳುವ ಶಬ್ದ ಕೇಳಬೇಕು. ಕೇಳದಿದ್ದರೆ ಆಫ್.

ಶಬ್ದವೇ ಅರ್ಧ ಕಾಯಿಲೆ ಹೇಳುತ್ತದೆ. ನೀರು ಎಳೆಯುತ್ತಿರುವ ಮೋಟರ್‌ನದ್ದು ತುಂಬಿದ, ದಪ್ಪ ದನಿ. ಖಾಲಿ ಓಡುವ ಮೋಟರ್ ಹಗುರವಾಗಿ, ಕೀರಲಾಗಿ ಕೂಗುತ್ತದೆ. ಕಲ್ಲು ಅಲ್ಲಾಡಿಸಿದ ಹಾಗೆ ಕೇಳಿಸಿದರೆ ಗಾಳಿಯನ್ನೂ ನೀರನ್ನೂ ಸೇರಿಸಿ ಎಳೆಯುತ್ತಿದೆ.

ಮೊದಲು ಸಂಪಿನ ಮುಚ್ಚಳ ತೆಗೆದು ನೀರು ಎಷ್ಟಿದೆ ನೋಡಿ. ಪೈಪಿನ ತುದಿ ನೀರಿನಿಂದ ಮೇಲೆ ಬಂದಿದ್ದರೆ ಮೋಟರ್‌ನಲ್ಲಿ ದೋಷವೇ ಇಲ್ಲ, ಸಂಪ್ ಖಾಲಿಯಾಗಿದೆ ಅಷ್ಟೇ. ಮುಂದಿನ ಭಾಗಕ್ಕೆ ಹೋಗಿ.

ನೀರಿದ್ದರೆ ಪ್ರೈಮಿಂಗ್ ಮಾಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮೋಟರ್ ತಲೆಯ ಮೇಲಿನ ಬೋಲ್ಟ್ ಬಿಚ್ಚಿ, ಚೊಂಬಿನಲ್ಲಿ ನೀರು ಹಾಕುತ್ತಾ ಹೋಗಿ. ಗುಳ್ಳೆ ಬರುವುದು ನಿಂತು, ನೀರು ಬಾಯಿವರೆಗೆ ಬಂದು ನಿಲ್ಲಬೇಕು. ನಿಂತರೆ ಬೋಲ್ಟ್ ಬಿಗಿದು, ಕೈ ಒರೆಸಿಕೊಂಡು ಆನ್ ಮಾಡಿ. ಎಷ್ಟೋ ಸಲ ಇಲ್ಲಿಗೆ ಮುಗಿಯಿತು.

ಎಷ್ಟು ಹಾಕಿದರೂ ನೀರು ಇಳಿದು ಹೋಗುತ್ತಲೇ ಇದೆಯಾ? ಹಾಗಾದರೆ ಫುಟ್ ವಾಲ್ವ್ ಕೆಟ್ಟಿದೆ. ಸಂಪಿನ ಒಳಗೆ ಪೈಪಿನ ತುದಿಯಲ್ಲಿ ಇರುವ, ಜಾಲರಿ ಸಮೇತದ ವಾಲ್ವ್ ಅದು. ಏರಿದ ನೀರು ವಾಪಸ್ ಇಳಿಯದ ಹಾಗೆ ಹಿಡಿದುಕೊಳ್ಳುವುದೇ ಅದರ ಕೆಲಸ. ಒಂದು ಕಲ್ಲಿನ ಚೂರು ಸಿಕ್ಕಿಕೊಂಡರೂ ಹಿಡಿಯುವುದಿಲ್ಲ. ಪೈಪ್ ಮೇಲೆತ್ತಿ ತೊಳೆದರೆ ಸರಿಹೋಗಬಹುದು, ಇಲ್ಲವಾದರೆ ಹೊಸದು. ದಿನಾ ಬೆಳಿಗ್ಗೆ ಪ್ರೈಮಿಂಗ್ ಮಾಡುವ ಗತಿ ಬಂದಿದ್ದರೆ ನಿಮ್ಮ ಫುಟ್ ವಾಲ್ವ್ ಸೋರುತ್ತಿದೆ, ಮೋಟರ್‌ಗೆ ವಯಸ್ಸಾಗಿಲ್ಲ. "ಹೊಸ ಮೋಟರ್ ಹಾಕ್ಸಿ ಸಾರ್" ಅನ್ನುವ ಮಾತಿಗೆ ಬೀಳುವ ಮೊದಲು ಇದನ್ನು ನೋಡಿ.

ಬೋರ್‌ವೆಲ್ ಮೋಟರ್ ಐದು ನಿಮಿಷ ನೀರು ಕೊಟ್ಟು ನಿಲ್ಲಿಸುತ್ತಿದ್ದರೆ ಕೆಳಗೆ ನೀರಿನ ಮಟ್ಟ ಇಳಿದಿದೆ. ಕೆಲವು ಗಂಟೆ ಬಿಟ್ಟು ಮತ್ತೆ ಹಾಕಿ. ಒತ್ತಾಯ ಮಾಡಿ ಓಡಿಸಿದರೆ ಮೋಟರ್ ಮೇಲೆತ್ತುವ ಖರ್ಚು ಬರುತ್ತದೆ, ಅದು ಚಿಕ್ಕ ಖರ್ಚಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಫುಟ್ ವಾಲ್ವ್ ನೋಡಲು, ಬಿದ್ದ ಬಕೆಟ್ ತೆಗೆಯಲು, ಕ್ಲೀನ್ ಮಾಡಲು, ಯಾವುದಕ್ಕೂ ನೀವು ಸಂಪಿನೊಳಗೆ ಇಳಿಯಬೇಡಿ. ಬಹಳ ದಿನ ಮುಚ್ಚಿದ ಸಂಪಿನಲ್ಲಿ ಉಸಿರಾಡಲು ಬೇಕಾದ ಗಾಳಿ ಇರದೇ ಹೋಗಬಹುದು. ವಾಸನೆಯಿಂದ ಅದು ಗೊತ್ತಾಗುವುದಿಲ್ಲ. ಇಳಿದವರು ಕುಸಿದರೆ, ಕಾಪಾಡಲು ಇಳಿದವರೂ ಕುಸಿಯುತ್ತಾರೆ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯದೆ 112ಕ್ಕೆ ಫೋನ್ ಮಾಡಿ. ಸಂಪ್ ತೆರೆದಿರುವಷ್ಟು ಹೊತ್ತು ಒಬ್ಬರು ಪಕ್ಕದಲ್ಲೇ ನಿಂತಿರಲಿ. ಮಕ್ಕಳಿರುವ ಮನೆಯಾದರೆ ಇದನ್ನು ಎರಡು ಸಲ ಓದಿ.

ಸಂಪೇ ಖಾಲಿ

ಇಲ್ಲಿ ಮೊದಲ ಪರೀಕ್ಷೆಗೆ ಸ್ಪ್ಯಾನರ್ ಬೇಡ, ಚಪ್ಪಲಿ ಹಾಕಿಕೊಂಡು ಪಕ್ಕದ ಮನೆಗೆ ಹೋಗಿ. "ಆಂಟಿ, ನಿಮಗೆ ಕಾವೇರಿ ಬಂತಾ?" ಅಂತ ಕೇಳಿ. ಎರಡು ಮನೆ ಈ ಕಡೆ, ಎರಡು ಮನೆ ಆ ಕಡೆ ಕೇಳಿದರೆ ಸಾಕು.

ಯಾರಿಗೂ ಬಂದಿಲ್ಲ ಅಂದರೆ ತೊಂದರೆ ನಿಮ್ಮ ಮನೆಯದಲ್ಲ. ಬೆಂಗಳೂರಿಗೆ ಕಾವೇರಿ ನೀರು ಸುಮ್ನೆ ಹರಿದು ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಒಟ್ಟು 500 ಮೀಟರ್‌ನಷ್ಟು ಮೇಲಕ್ಕೆ ಎತ್ತಿ ತರಬೇಕು. ಕಾವೇರಿ ಯೋಜನೆಯ ಮೊದಲ ಹಂತದ ನೀರು 1974ರಲ್ಲಿ ಬಂತು. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಿಗೆ ತರುವ ಯೋಜನೆ. ಈ ಉದ್ದದ ದಾರಿಯಲ್ಲಿ ಒಂದು ಕಡೆ ಕರೆಂಟ್ ಹೋದರೂ, ಪೈಪ್ ಒಡೆದರೂ ಇಲ್ಲಿ ನಮ್ಮ ಬೀದಿ ಒಣಗುತ್ತದೆ. ರಿಪೇರಿಗೆ ಅಂತ ನಿಲ್ಲಿಸುವಾಗ ಪೇಪರ್‌ನಲ್ಲಿ ಮೊದಲೇ ಬಂದಿರುತ್ತದೆ, ನಾವು ಓದಿರುವುದಿಲ್ಲ ಅಷ್ಟೇ. ಜಲಮಂಡಳಿಯ ಸಹಾಯವಾಣಿ 1916. ಅದಕ್ಕಿಂತ ಬೇಗ ಸುದ್ದಿ ಸಿಗುವುದು ನಿಮ್ಮ ಏರಿಯಾದ ವಾಟರ್‌ಮನ್ ಹತ್ತಿರ. ರಸ್ತೆ ಮಧ್ಯದ ವಾಲ್ವನ್ನು ಉದ್ದದ ಕಬ್ಬಿಣದ ಕೀಲಿಯಲ್ಲಿ ತಿರುಗಿಸುವವರು ಅವರೇ. ಅವರ ನಂಬರ್ ಬೀದಿಯಲ್ಲಿ ಯಾರಾದರೂ ಒಬ್ಬರ ಹತ್ತಿರ ಇದ್ದೇ ಇರುತ್ತದೆ.

ಎಲ್ಲರಿಗೂ ಬಂದಿದೆ, ನಿಮಗೆ ಮಾತ್ರ ಇಲ್ಲ ಅಂದರೆ ಈಗ ನನ್ನ ಕಥೆ ಕೇಳಿ.

ಅವತ್ತು ಯುಗಾದಿಯ ಹಿಂದಿನ ದಿನ, ಮನೆಗೆ ನೆಂಟರು ಬರುವವರಿದ್ದರು. ಸಂಪ್ ಖಾಲಿ. ಗಾಬರಿಯಲ್ಲಿ ಟ್ಯಾಂಕರ್ ತರಿಸಿದೆ. ಹಬ್ಬದ ರೇಟು, ಚೌಕಾಸಿ ಇಲ್ಲ. ಡ್ರೈವರ್ ದಪ್ಪ ಪೈಪನ್ನು ಸಂಪಿಗೆ ಬಿಟ್ಟು, ಬಗ್ಗಿ ಒಳಗೆ ನೋಡಿ, "ಸಾರ್, ನಿಮ್ ಬಾಲ್ ವಾಲ್ವ್ ಮೇಲೇ ಸಿಕ್ಕಾಕೊಂಡಿದೆ ನೋಡಿ" ಅಂದ. ನೋಡಿದೆ. ಹಿಂದೆ ಯಾವತ್ತೋ ಬಕೆಟ್ ಇಳಿಬಿಟ್ಟಿದ್ದ ನೀಲಿ ನೈಲಾನ್ ಹಗ್ಗ ಬಾಲಿನ ಕಡ್ಡಿಗೆ ಸುತ್ತಿಕೊಂಡು, ಬಾಲನ್ನು ಮೇಲಕ್ಕೆ ಹಿಡಿದು ನಿಲ್ಲಿಸಿತ್ತು. ನೀರು ತುಂಬಿದಾಗ ಬಾಲ್ ತೇಲಿ ಮೇಲೆ ಬಂದು ಬಾಗಿಲು ಮುಚ್ಚಬೇಕು, ಇಳಿದಾಗ ತೆರೆಯಬೇಕು. ನಮ್ಮದು ಮುಚ್ಚಿದ ಬಾಗಿಲಾಗಿಯೇ ಉಳಿದಿತ್ತು. ಒಂದು ಕೋಲಿನಿಂದ ಹಗ್ಗ ಸರಿಸಿದ ತಕ್ಷಣ ಕಾವೇರಿ ಸುರಿಯತೊಡಗಿತು. ಈ ಕಡೆ ಪೈಪಿನಿಂದ ಟ್ಯಾಂಕರ್ ನೀರು, ಆ ಕಡೆಯಿಂದ ಕಾವೇರಿ ನೀರು. ಡ್ರೈವರ್ ಮುಖದಲ್ಲಿ ನಗು. ನಾನು ದುಡ್ಡು ಎಣಿಸಿ ಕೊಟ್ಟೆ.

ಹಾಗಾಗಿ ಬಾಲ್ ವಾಲ್ವನ್ನು ಕೋಲಿನಿಂದ ಕೆಳಕ್ಕೆ ಒತ್ತಿ ನೋಡಿ. ನೀರು ಬರುವ ಹೊತ್ತಲ್ಲೇ ನೋಡಬೇಕು. ಒತ್ತಿದಾಗ ಬಂದರೆ ವಾಲ್ವ್ ಬಿಗಿಯಾಗಿದೆ ಅಥವಾ ಸಿಕ್ಕಿಕೊಂಡಿದೆ. ಒತ್ತಿದರೂ ಇಲ್ಲ ಅಂದರೆ ಮೀಟರ್ ಹತ್ತಿರದ ಸ್ಟಾಪ್ ಕಾಕ್ ತೆರೆದಿದೆಯಾ ನೋಡಿ. ಮೀಟರ್ ಮುಳ್ಳು ಅಲ್ಲಾಡದೆ ನಿಂತಿದ್ದರೆ ಹೆಚ್ಚಾಗಿ ಅದರ ಹಿಂದೆಯೇ, ಅಂದರೆ ಬೀದಿ ಕಡೆ, ಕಟ್ಟಿಕೊಂಡಿರುತ್ತದೆ. ಮೀಟರ್‌ಗೆ ಸೀಲ್ ಇರುತ್ತದೆ, ಬಿಚ್ಚಬೇಡಿ. ಅಲ್ಲಿಂದಾಚೆ ಜಲಮಂಡಳಿಯ ಕೆಲಸ, 1916ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮುಳ್ಳು ತಿರುಗುತ್ತಿದೆ, ಸಂಪಿಗೆ ಮಾತ್ರ ಬೀಳುತ್ತಿಲ್ಲ ಅಂದರೆ ಮೀಟರ್‌ಗೂ ಸಂಪಿಗೂ ನಡುವೆ ನೆಲದೊಳಗೆ ಪೈಪ್ ಒಡೆದಿದೆ. ಕಾಂಪೌಂಡ್ ಹತ್ತಿರ ಮಣ್ಣು ಸದಾ ಒದ್ದೆ ಇದೆಯಾ, ಅಲ್ಲಿ ಮಾತ್ರ ಹುಲ್ಲು ಹಸಿರಾಗಿದೆಯಾ ನೋಡಿ.

ಸಣ್ಣಗೆ ಬರುತ್ತಿದೆ ಅಂತ ಬೀದಿ ಲೈನ್‌ಗೇ ಮೋಟರ್ ಕೂರಿಸಿ ಎಳೆಯುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಮುಂದಿನ ಮನೆಯವರ ನೀರು ಕಸಿಯುತ್ತೀರಿ ಅನ್ನುವುದು ಒಂದು. ಇನ್ನೊಂದು, ಹಾಗೆ ಎಳೆದಾಗ ಒಡಕು ಪೈಪಿನ ಸುತ್ತಲಿನ ಕೊಳಕು ನೀರೂ ಒಳಗೆ ಸೇರುತ್ತದೆ. ಅದು ಮೊದಲು ಬೀಳುವುದು ನಿಮ್ಮದೇ ಸಂಪಿಗೆ.

ನೀರು ಬರುತ್ತದೆ, ಆದರೆ ಮೊದಲಿನ ಹಾಗೆ ಉಳಿಯುವುದಿಲ್ಲ

ಎರಡು ದಿನ ಬರುತ್ತಿದ್ದ ಸಂಪ್ ಒಂದೇ ದಿನಕ್ಕೆ ಖಾಲಿ. ಎಲ್ಲರೂ ಮಕ್ಕಳನ್ನು ಬೈಯುತ್ತಾರೆ. ಮೊದಲು ಅಳೆಯಿರಿ. ರಾತ್ರಿ ಮಲಗುವಾಗ, ನೀರು ಬಾರದ ದಿನ, ಒಂದು ಕೋಲನ್ನು ಸಂಪಿನ ತಳಕ್ಕೆ ಮುಟ್ಟಿಸಿ ಒದ್ದೆಯಾದ ಗುರುತಿಗೆ ಸೀಮೆಸುಣ್ಣ ಹಾಕಿ. ಬೆಳಿಗ್ಗೆ ಮೋಟರ್ ಹಾಕುವ ಮೊದಲು ಮತ್ತೆ ಅಳೆಯಿರಿ. ನಮ್ಮ ಸಂಪ್ 8 ಅಡಿ ಉದ್ದ, 5 ಅಡಿ ಅಗಲ. ಅದರಲ್ಲಿ ಒಂದು ಇಂಚು ಇಳಿದರೆ ಸುಮಾರು 95 ಲೀಟರ್ ಹೋದಂತೆ. ನಿಮ್ಮದಕ್ಕೆ ಲೆಕ್ಕ ಸುಲಭ: ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. ಟ್ಯಾಂಕರ್ ಬಂದಾಗಲೂ ಇದೇ ಕೋಲು ಉಪಯೋಗಕ್ಕೆ ಬರುತ್ತದೆ. 6000 ಲೀಟರ್ ಅಂತ ದುಡ್ಡು ತೆಗೆದುಕೊಂಡರೆ ನಮ್ಮ ಸಂಪ್ ಐದೂಕಾಲು ಅಡಿ ಏರಬೇಕು.

ಸಂಪ್ ಇಳಿದಿಲ್ಲ, ಮೇಲಿನ ಟ್ಯಾಂಕ್ ಮಾತ್ರ ಇಳಿದಿದೆ ಅಂದರೆ ಕಳ್ಳ ಸಾಮಾನ್ಯವಾಗಿ ಟಾಯ್ಲೆಟ್ ಫ್ಲಶ್. ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡ್‌ನಲ್ಲಿ ನೀಲಿ ಕಂಡರೆ ಒಳಗಿನ ವಾಷರ್ ಹೋಗಿದೆ. ಸದ್ದಿಲ್ಲದೆ ದಿನವಿಡೀ ಸೋರುತ್ತದೆ. ಸಂಪೇ ಇಳಿದಿದ್ದರೆ ಬಿರುಕು ಬಿಟ್ಟಿದೆ. ಅದು ಬರೀ ನೀರು ಹೋಗುವ ಮಾತಲ್ಲ: ಹೊರಗೆ ಹೋಗುವ ಬಿರುಕಿನಲ್ಲಿ ಹೊರಗಿನದು ಒಳಗೂ ಬರಬಹುದು. ಪಕ್ಕದಲ್ಲೇ ಚರಂಡಿ ಚೇಂಬರ್ ಇದ್ದರೆ ತಡಮಾಡದೆ ಸರಿಮಾಡಿಸಿ.

ಊರಿಗೇ ನೀರಿಲ್ಲ, ಎರಡು ದಿನ ದೂಡಬೇಕು

ಹುಬ್ಬಳ್ಳಿಯಲ್ಲಿರುವ ನಮ್ಮ ಅಕ್ಕನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ನಿಮಗ ದಿನಾ ಬಿಟ್ಟು ದಿನಾ ಬರ್ತದ, ಎರಡ ದಿನಕ್ಕ ಹಿಂಗ ಒದರಾಡ್ತೀ? ನಾವು ಮಲಪ್ರಭಾ ನೀರಿಗೆ ಎಷ್ಟ ದಿನಾ ಕಾಯ್ತೀವಿ ಗೊತ್ತೈತಿ?" ಅಂದಳು. ಅವಳ ಮನೆಯಲ್ಲಿ ನೀರಿಗೆ ದರ್ಜೆ ಇದೆ. ತಾಮ್ರದ ಕೊಡದ್ದು ಕುಡಿಯಲು. ಸ್ಟೀಲ್ ಡ್ರಮ್ಮಿನದು ಅಡುಗೆಗೆ. ಹಿತ್ತಲ ಪ್ಲಾಸ್ಟಿಕ್ ಡ್ರಮ್ಮಿನದು ಮಿಕ್ಕಿದ್ದಕ್ಕೆಲ್ಲ. ಒಂದರೊಳಗೆ ಅದ್ದಿದ ಚೊಂಬು ಇನ್ನೊಂದಕ್ಕೆ ಹೋಗುವ ಹಾಗಿಲ್ಲ.

ಇದೇ ಲೆಕ್ಕ ಹಿಡಿಯಿರಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ತೆಗೆದಿಡಿ. ನಾಲ್ಕು ಜನರಿಗೆ ಎರಡು ದಿನಕ್ಕೆ 40, ಅಂದರೆ 20 ಲೀಟರ್‌ನ ಎರಡು ಕ್ಯಾನ್. ಇದು ಮುಟ್ಟಬಾರದ ದುಡ್ಡಿದ್ದ ಹಾಗೆ. ಫ್ಲಶ್ ಬಟನ್ ಒತ್ತುವುದು ನಿಲ್ಲಿಸಿ, ಬಕೆಟ್‌ನಲ್ಲಿ ಹುಯ್ಯಿರಿ. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಅದಕ್ಕೇ ಹೋಗಲಿ. ಆರ್‌ಒ ಫಿಲ್ಟರ್ ಇದ್ದರೆ ಅದರ ಬಿಳಿ ಪೈಪನ್ನು ಬಕೆಟ್‌ಗೆ ಬಿಡಿ. ಒಂದು ಲೀಟರ್ ಕೊಟ್ಟು ಎರಡು-ಮೂರು ಲೀಟರ್ ಹೊರಗೆ ಬಿಡುವ ಯಂತ್ರ ಅದು, ನೆಲ ಒರೆಸಲು ಸಾಕು. ಊಟಕ್ಕೆ ಬಾಳೆಲೆ ಹಾಕಿ, ತಟ್ಟೆ ತೊಳೆಯುವುದು ತಪ್ಪುತ್ತದೆ. ಕಾರು ತೊಳೆಯುವ ಮಾತೇ ಬೇಡ: 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು.

ಟ್ಯಾಂಕರ್ ತರಿಸಲೇಬೇಕಾದರೆ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಿ. ಎಲ್ಲಿಯ ನೀರು ಅಂತ ಕೇಳಿ. ಅದನ್ನು ಕುಡಿಯಬೇಡಿ.

ತುಂಬಿಟ್ಟ ನೀರಿಗೆ ಮುಚ್ಚಳ ಇರಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ಇಂಥ ಸ್ವಚ್ಛ ನೀರೇ ಇಷ್ಟ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಒಳಗೋಡೆ ಉಜ್ಜಿ, ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ. ಅಂಬೆಗಾಲಿಡುವ ಮಗು ಇದ್ದರೆ ಬಚ್ಚಲ ಬಾಗಿಲಿಗೆ ಚಿಲಕ ಹಾಕಿಯೇ ಇರಲಿ. ಅರ್ಧ ಬಕೆಟ್ ನೀರೂ ಮಗುವಿಗೆ ಅಪಾಯ.

ನೀರು ಬಂತು, ಬಣ್ಣ ಸರಿಯಿಲ್ಲ

ನಿಂತು ಬಂದ ಮೊದಲ ನೀರನ್ನು ಸಂಪಿಗೆ ಬಿಡಬೇಡಿ. ಸಂಪಿಗಿಂತ ಮುಂಚೆ ಬೀದಿ ಲೈನ್‌ಗೆ ಒಂದು ನಲ್ಲಿ ಇದ್ದರೆ ಅದನ್ನು ತೆರೆದು ಬಕೆಟ್‌ಗೆ ಹಿಡಿಯಿರಿ. ಇಲ್ಲದಿದ್ದರೆ ಮುಂದಿನ ಸಲ ಪ್ಲಂಬರ್ ಬಂದಾಗ ಹಾಕಿಸಿಕೊಳ್ಳಿ.

ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ಹಾಲಿನಂತೆ ಬೆಳ್ಳಗಿದ್ದು, ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಬರೀ ಗಾಳಿ ಗುಳ್ಳೆ. ಕಂದು, ಕೆಂಪು ಮಣ್ಣಿನ ಬಣ್ಣ ಇದ್ದರೆ ಪೈಪಿನ ತುಕ್ಕು, ಕೆಸರು ಎದ್ದಿದೆ. ಗಿಡಕ್ಕೆ ಹಾಕಿ, ತಿಳಿಯಾಗುವವರೆಗೆ ಬಿಡಿ. ಸ್ವಲ್ಪ ಬ್ಲೀಚಿಂಗ್ ವಾಸನೆ ಬಂದರೆ ಗಾಬರಿ ಬೇಡ, ಅದು ಕ್ಲೋರಿನ್.

ಕಪ್ಪು ಛಾಯೆ, ಚರಂಡಿ ವಾಸನೆ, ಕೈಗೆ ಜಿಡ್ಡು, ಇವುಗಳಲ್ಲಿ ಒಂದಿದ್ದರೂ ಸಂಪಿನ ವಾಲ್ವ್ ಮುಚ್ಚಿ. ಪೈಪ್ ಖಾಲಿ ಇದ್ದಾಗ ಒಡಕಿನಿಂದ ಚರಂಡಿ ನೀರು ಸೇರಿರಬಹುದು. ಫಿಲ್ಟರ್ ಇದೆಯಲ್ಲ ಅಂದುಕೊಳ್ಳಬೇಡಿ, ಇಂಥ ನೀರಿಗೆ ಅದನ್ನು ಮಾಡಿಲ್ಲ. 1916ಕ್ಕೆ ಹೇಳಿ, ಅಕ್ಕಪಕ್ಕದವರಿಗೂ ಹೇಳಿ. ಆಗಲೇ ಸಂಪಿಗೆ ಸೇರಿಹೋಗಿದ್ದರೆ ಖಾಲಿ ಮಾಡಿಸಿ, ಯಂತ್ರ ಇಟ್ಟುಕೊಂಡು ತೊಳೆಯುವವರಿಂದ ತೊಳೆಸಿ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ಡಾಕ್ಟರ್ ಹತ್ತಿರ ಹೋಗಿ. ನೀರಿನ ವಿಷಯವನ್ನೂ ಅವರಿಗೆ ಹೇಳಿ.

ನೀರು ನೋಡಲು ಚೆನ್ನಾಗಿದ್ದರೂ ಮೊದಲ ಎರಡು ಮೂರು ದಿನ ಕುಡಿಯುವುದನ್ನು ಕುದಿಸಿ. ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಪೂರ್ತಿ ಬಿಡಿ. ತಣ್ಣಗಾದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಡಿ.

ಆಮೇಲೆ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿ. ಮೊದಲು ಕೆಳಗಿನ ನಲ್ಲಿ ತೆರೆದು ಗಾಳಿ ಬಿಡಿ, ಆಮೇಲೆ ಅಡುಗೆಮನೆ, ಆಮೇಲೆ ಬಚ್ಚಲು. ಗೀಸರ್ ಎಲ್ಲಕ್ಕಿಂತ ಕೊನೆಗೆ. ಅದರ ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಪೂರ್ತಿ ಹೋಗಿ ನೀರು ಒಂದೇ ಧಾರೆಯಾಗಿ ಬಿದ್ದ ಮೇಲೆ ಸ್ವಿಚ್ ಹಾಕಿ. ತಲೆಯಲ್ಲಿ ಶಾಂಪೂ ಹಚ್ಚಿಕೊಂಡು ಕಾಯುತ್ತಿರುವವರಿಗೆ ಇನ್ನು ಹದಿನೈದು ನಿಮಿಷ ಅಂತ ಹೇಳಿ.